ವಾಕರ್: ಬಟ್ಟೆ ತುಳಿದವರ ಹೆಸರು

ಕುಟುಂಬಗಳ ಹಳೆಯ ದಾಖಲೆ ಹುಡುಕಿ ವಂಶವೃಕ್ಷ ಬರೆದುಕೊಡುವುದು ನನ್ನ ವೃತ್ತಿ. ನನ್ನ ಬಳಿ ಬರುವವರಲ್ಲಿ ಆಂಗ್ಲೋ-ಇಂಡಿಯನ್ನರೇ ಜಾಸ್ತಿ. ಅಜ್ಜ ಬೆಂಗಳೂರಿನ ದಂಡು ಪ್ರದೇಶದಲ್ಲೋ ಕೆಜಿಎಫ್‌ನಲ್ಲೋ ಇದ್ದವರು, ಮೊಮ್ಮಕ್ಕಳು ಮೆಲ್ಬರ್ನ್‌ನಲ್ಲಿ ಇರುವವರು. ಎಲ್ಲರೂ ಮೊದಲು ಕೇಳುವುದು ತಮ್ಮ ಅಡ್ಡಹೆಸರಿನ ಅರ್ಥ. ವಾಕರ್ ಮನೆಯವರು ಮಾತ್ರ ಅದನ್ನು ಕೇಳುವುದಿಲ್ಲ. ವಾಕರ್ ಅಂದರೆ ನಡೆಯುವವನು, ಇದರಲ್ಲೇನಿದೆ ಕೇಳೋಕೆ ಅಂದುಕೊಂಡಿರುತ್ತಾರೆ. ಜಾನಿ ವಾಕರ್ ವಿಸ್ಕಿಯ ಗುರುತಾಗಿ 1908ರಿಂದ ಹೆಜ್ಜೆ ಹಾಕುತ್ತಿರುವ ಆ ಟೋಪಿಯ ಮನುಷ್ಯನೂ ಈ ನಂಬಿಕೆಯನ್ನು ಗಟ್ಟಿ ಮಾಡಿದ್ದಾನೆ.

ಹೆಜ್ಜೆ ಹಾಕಿದ್ದು ನಿಜ. ಆದರೆ ದಾರಿಯಲ್ಲಲ್ಲ, ತೊಟ್ಟಿಯೊಳಗೆ.

ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಹಾಗೇ ತೊಡಲು ಬರುವುದಿಲ್ಲ. ಎಳೆಗಳ ನಡುವೆ ಸಂದು ಇರುತ್ತದೆ, ಗಾಳಿ ನುಗ್ಗುತ್ತದೆ. ಕುರಿಯ ಮೈಯ ಜಿಡ್ಡು, ನೂಲುವಾಗ ಸವರಿದ ಎಣ್ಣೆ ಎಲ್ಲ ಅಂಟಿಕೊಂಡಿರುತ್ತವೆ. ಅದಕ್ಕೇ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು. ತೊಟ್ಟಿಯಲ್ಲಿ ನೀರು, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು, ಜೊತೆಗೆ ಹಳೆಯ ಮೂತ್ರ. ಮೂತ್ರ ಹಳತಾದರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಸೋಪಿನ ಕೆಲಸ ಮಾಡುತ್ತದೆ. ಯಾರ್ಕ್‌ಷೈರ್ ಕಡೆ ಅದಕ್ಕೆ ಲ್ಯಾಂಟ್ ಅನ್ನುತ್ತಿದ್ದರು, ಮನೆಮನೆಯಿಂದ ಸಂಗ್ರಹಿಸುತ್ತಿದ್ದರು. ಆ ತೊಟ್ಟಿಗೆ ಇಳಿದು ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯಬೇಕು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಪುಟ್ಟ ಪೊರೆಗಳಿರುತ್ತವೆ. ಒದ್ದೆಯಲ್ಲಿ ತುಳಿದಾಗ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಟ್ಟೆ ಕುಗ್ಗಿ, ದಪ್ಪಗಾಗಿ, ಚಳಿ ತಡೆಯುವ ಕಂಬಳಿಯಂತಾಗುತ್ತದೆ. ಆಮೇಲೆ ತೊಳೆದು, ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು.

ಆ ಜೇಡಿಮಣ್ಣು ಯಾವುದು ಗೊತ್ತಾ? ನಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯದ್ದೇ. ಇಂಗ್ಲಿಷಿನಲ್ಲಿ ಇವತ್ತಿಗೂ ಅದನ್ನು ಫುಲ್ಲರ್ಸ್ ಅರ್ತ್ ಅನ್ನುತ್ತಾರೆ. ಅಂದರೆ ಫುಲ್ಲರ್‌ನ ಮಣ್ಣು. ಈ ಫುಲ್ಲರ್ ಮಾಡುತ್ತಿದ್ದದ್ದೂ ವಾಕರ್ ಮಾಡುತ್ತಿದ್ದ ಕೆಲಸವನ್ನೇ. ಟಕ್ಕರ್ ಕೂಡ ಅಷ್ಟೇ. ಒಂದೇ ಕಸುಬು, ಮೂರು ಹೆಸರು.

ನನಗೆ ಈ ಹೆಸರಿನ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದೇ ಇಲ್ಲಿ. ಇಂಗ್ಲೆಂಡಿನ ನಕ್ಷೆ ಹರಡಿಕೊಂಡು 1881ರ ಜನಗಣತಿಯಲ್ಲಿ ಈ ಮೂರು ಹೆಸರು ಎಲ್ಲೆಲ್ಲಿ ದಟ್ಟವಾಗಿವೆ ಅಂತ ನೋಡಿ. ಟಕ್ಕರ್‌ಗಳು ನೈಋತ್ಯದ ಡೆವನ್, ಸಾಮರ್‌ಸೆಟ್ ಕಡೆ. ಫುಲ್ಲರ್‌ಗಳು ಆಗ್ನೇಯದ ಸಸೆಕ್ಸ್, ಕೆಂಟ್ ಮತ್ತು ಪೂರ್ವದ ನಾರ್ಫಕ್, ಸಫಕ್ ಕಡೆ. ವಾಕರ್‌ಗಳು ಉತ್ತರದ ಯಾರ್ಕ್‌ಷೈರ್ ಮತ್ತು ಅದರ ಸುತ್ತ. ಮಧ್ಯಯುಗದಲ್ಲಿ ಆಯಾ ಸೀಮೆಯ ಜನ ಈ ಕಸುಬನ್ನು ಯಾವ ಮಾತಿನಲ್ಲಿ ಕರೆಯುತ್ತಿದ್ದರೋ, ಆ ಮಾತು ಐನೂರು ವರ್ಷ ಕಳೆದ ಮೇಲೂ ಅದೇ ಸೀಮೆಯ ಜನರ ಹೆಸರಲ್ಲಿ ಉಳಿದಿತ್ತು. ಡೆವನ್‌ನ ಎಕ್ಸಿಟರ್ ಊರಲ್ಲಿ ನೇಕಾರರು ಮತ್ತು ಬಟ್ಟೆ ತುಳಿಯುವವರ ಸಂಘ 1471ರಲ್ಲಿ ಕಟ್ಟಿಸಿದ ಸಭಾಮಂದಿರ ಇನ್ನೂ ನಿಂತಿದೆ. ಅದರ ಹೆಸರು ಟಕ್ಕರ್ಸ್ ಹಾಲ್. ಅದೇ ಮಂದಿರ ಯಾರ್ಕ್‌ಷೈರ್‌ನಲ್ಲಿ ಎದ್ದಿದ್ದರೆ ವಾಕರ್ಸ್ ಹಾಲ್ ಅನ್ನಿಸಿಕೊಳ್ಳುತ್ತಿತ್ತೇನೋ.

ಇನ್ನೊಂದು ಸಂಗತಿ ಹೇಳಲೇಬೇಕು. ಕಾಲಿನ ಬದಲು ನೀರಿನ ಚಕ್ರದಿಂದ ಏಳುವ ಬೀಳುವ ಮರದ ಸುತ್ತಿಗೆಗಳು ಬಟ್ಟೆ ಬಡಿಯುವ ಗಿರಣಿಗಳು ಇಂಗ್ಲೆಂಡಿನ ದಾಖಲೆಯಲ್ಲಿ 1185ರಲ್ಲೇ ಕಾಣಿಸುತ್ತವೆ. ಜನಸಾಮಾನ್ಯರ ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯುವ ರೂಢಿ ಗಟ್ಟಿಯಾದದ್ದು ಹೆಚ್ಚುಕಡಿಮೆ 1200ರಿಂದ 1400ರ ನಡುವೆ, ಉತ್ತರದಲ್ಲಿ ಇನ್ನೂ ತಡವಾಗಿ. ಹಾಗಾಗಿ ವಾಕರ್ ಅನ್ನೋ ಹೆಸರನ್ನು ಮಕ್ಕಳಿಗೆ ಬಿಟ್ಟುಹೋದ ಎಷ್ಟೋ ಜನ ತೊಟ್ಟಿಗೆ ಕಾಲಿಟ್ಟವರೇ ಅಲ್ಲದಿರಬಹುದು, ಗಿರಣಿ ನಡೆಸಿದವರಿರಬಹುದು. ಕಸುಬಿನ ರೀತಿ ಬದಲಾಯಿತು, ಕರೆಯುವ ಹೆಸರು ಬದಲಾಗಲಿಲ್ಲ. ಉತ್ತರದ ಕಡೆ ಗಿರಣಿಗೂ ವಾಕ್ ಮಿಲ್ ಅಂತಲೇ ಹೆಸರು.

ಕಸುಬಿನ ಹೆಸರು ಮನೆತನದ ಹೆಸರಾಗುವುದನ್ನು ನೋಡಲು ಇಂಗ್ಲೆಂಡಿನ 1379ರ ತಲೆಗಂದಾಯದ ಪಟ್ಟಿಗಳು ಒಳ್ಳೆಯ ಜಾಗ. ಕುಶಲಕರ್ಮಿಗಳಿಗೆ ಕಂದಾಯ ಜಾಸ್ತಿ ಇದ್ದದ್ದರಿಂದ ಅವರ ಹೆಸರಿನ ಮುಂದೆ ಕಸುಬನ್ನೂ ಬರೆದಿದ್ದಾರೆ. ಹೆಸರು ಒಂದು, ಕಸುಬು ಇನ್ನೊಂದು ಇದ್ದರೆ ಅಲ್ಲಿಗೆ ಹೆಸರು ಕಸುಬನ್ನು ಬಿಟ್ಟು ಮನೆತನಕ್ಕೆ ಅಂಟಿಕೊಂಡಿದೆ ಅಂತ ತಿಳಿಯಬೇಕು.

ವಾಕರ್ ಅಂದರೆ ರಾಜನ ಕಾಡಲ್ಲಿ ಗಸ್ತು ತಿರುಗುವ ಅಧಿಕಾರಿ ಅಂತ ಕೆಲವು ಹಳೆಯ ಪುಸ್ತಕಗಳು ಬರೆದಿವೆ. ಕೇಳೋಕೆ ಚೆನ್ನಾಗಿದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಹೆಸರು ದಟ್ಟವಾಗಿರುವುದು ಉಣ್ಣೆಯ ಸೀಮೆಯಲ್ಲಿ.

ಇವತ್ತು ಇಂಗ್ಲೆಂಡಿನ ಅತಿ ಸಾಮಾನ್ಯ 20 ಅಡ್ಡಹೆಸರುಗಳಲ್ಲಿ ವಾಕರ್ ಒಂದು. ಫುಲ್ಲರ್, ಟಕ್ಕರ್ ತುಂಬ ಹಿಂದೆ ಇವೆ. ಸ್ಕಾಟ್ಲೆಂಡಿನಲ್ಲೂ ವಾಕರ್‌ಗಳು ಬೇಕಾದಷ್ಟಿದ್ದಾರೆ. ಬಟ್ಟೆ ತುಳಿಯುವವನ ಮಗ ಅನ್ನುವ ಗೇಲಿಕ್ ಹೆಸರಿದ್ದ ಕೆಲವರು ಇಂಗ್ಲಿಷಿನಲ್ಲಿ ವಾಕರ್ ಆದರು. ಅಲ್ಲಿನ ಪಶ್ಚಿಮದ ದ್ವೀಪಗಳಲ್ಲಿ ಹೆಂಗಸರು ಮೇಜಿನ ಸುತ್ತ ಕೂತು, ಒದ್ದೆ ಬಟ್ಟೆಯನ್ನು ಮೇಜಿಗೆ ಬಡಿಯುತ್ತ, ತಾಳಕ್ಕೆ ಸರಿಯಾಗಿ ಹಾಡುತ್ತ ಈ ಕೆಲಸವನ್ನು 20ನೇ ಶತಮಾನದವರೆಗೂ ಮಾಡುತ್ತಿದ್ದರು. ಅಮೆರಿಕದಲ್ಲಿ ಕಪ್ಪು ಜನರಲ್ಲೂ ಈ ಹೆಸರು ತುಂಬ ಸಾಮಾನ್ಯ. ಅದರ ಹಿಂದೆ ಗುಲಾಮಗಿರಿಯ ಚರಿತ್ರೆ ಇದೆ. ಅಲ್ಲಿ ಹೆಸರಿನ ಅರ್ಥ ಹಿಡಿದು ಪೂರ್ವಜರ ಕಸುಬು ಹೇಳಲು ಹೊರಟರೆ ಅದು ತಪ್ಪು, ಆ ಕುಟುಂಬಗಳಿಗೆ ಮಾಡುವ ಅನ್ಯಾಯ ಕೂಡ.

ಹಾಗಾದರೆ ವಾಕರ್‌ಗಳೆಲ್ಲ ಒಂದೇ ವಂಶದವರಾ? ಖಂಡಿತ ಅಲ್ಲ. ಧಾರವಾಡದ ಬಡಿಗೇರರೂ ಕಲಬುರಗಿಯ ಬಡಿಗೇರರೂ ಒಂದೇ ಮನೆಯವರಾಗಬೇಕಿಲ್ಲವಲ್ಲ, ಹಾಗೇ ಇದು. ಬಟ್ಟೆ ನೇಯುವ ಪ್ರತಿ ಊರಿಗೂ ತುಳಿಯುವವನು ಬೇಕಿತ್ತು, ಪ್ರತಿ ಊರಲ್ಲೂ ಹೆಸರು ಬೇರೆಯಾಗಿ ಹುಟ್ಟಿತು. ಲೆಸ್ಟರ್ ವಿಶ್ವವಿದ್ಯಾಲಯದವರು ಅಡ್ಡಹೆಸರು ಮತ್ತು ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಎರಡನ್ನೂ ಹೋಲಿಸಿ ನೋಡಿದ್ದಾರೆ. ಆಟೆನ್‌ಬರೋದಂಥ ಅಪರೂಪದ ಹೆಸರಿನ ಗಂಡಸರಲ್ಲಿ ಹೆಚ್ಚಿನವರು ಒಂದೇ ಮೂಲದವರು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ಅಂಥ ನಂಟೇ ಕಾಣಲಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವಾಕರ್ ವಂಶದ ಲಾಂಛನ ಅಂತ ಚೌಕಟ್ಟು ಹಾಕಿಸಿ ಮಾರುವವರು ಬೇಕಾದಷ್ಟು ಜನ. ದಯವಿಟ್ಟು ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಲಾಂಛನವನ್ನು ಒಬ್ಬ ವ್ಯಕ್ತಿಗೆ ಕೊಡುತ್ತಾರೆ, ಅದು ಅವನ ಸಂತಾನಕ್ಕೆ ಇಳಿಯುತ್ತದೆ. ಅಡ್ಡಹೆಸರಿಗೆ ಅಂತ ಲಾಂಛನ ಇರುವುದಿಲ್ಲ. 1484ರಿಂದ ಇದನ್ನು ನೋಡಿಕೊಳ್ಳುತ್ತಿರುವ ಕಾಲೇಜ್ ಆಫ್ ಆರ್ಮ್ಸ್ ಕೂಡ ಇದನ್ನೇ ಹೇಳುತ್ತದೆ.

ಆ ದುಡ್ಡನ್ನು ದಾಖಲೆಗಳ ನಕಲಿಗೆ ಖರ್ಚು ಮಾಡಿ. ಮೊದಲು ನಿಮ್ಮ ಅಜ್ಜಿಯ ಪೆಟ್ಟಿಗೆಯಿಂದ ಶುರು ಮಾಡಿ: ದೀಕ್ಷಾಸ್ನಾನದ ಚೀಟಿ, ಮದುವೆಯ ಪತ್ರ, ರೈಲ್ವೆಯ ಪಿಂಚಣಿ ಪುಸ್ತಕ. ಬೆಂಗಳೂರು, ಕೆಜಿಎಫ್ ಚರ್ಚುಗಳ ಹಳೆಯ ದೀಕ್ಷಾಸ್ನಾನ, ಮದುವೆ, ಸಮಾಧಿಯ ವಿವರಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರಾಂತ್ಯದ ಸರಣಿಯಲ್ಲಿ ಹುಡುಕಬೇಕು. ಮೈಸೂರು ಅಂತ ಹುಡುಕಿ ಕೈಚೆಲ್ಲುವವರು ಬಹಳ. ಅಲ್ಲಿಂದ ಇಂಗ್ಲೆಂಡಿನ ಒಂದು ಊರಿನ ಹೆಸರು ಸಿಕ್ಕಿತು ಅಂದರೆ, 1837ರ ಜುಲೈಯಿಂದ ಸರಕಾರಿ ಜನನ ನೋಂದಣಿ ಇದೆ. ಅದಕ್ಕೂ ಹಿಂದೆ ಹೋಗಲು ಆ ಊರಿನ ಚರ್ಚಿನ ಪುಸ್ತಕಗಳಿವೆ. ಅವನ್ನು ಇಡಬೇಕೆಂಬ ಆಜ್ಞೆ ಆದದ್ದು 1538ರಲ್ಲಿ, ಎಲ್ಲ ಊರಲ್ಲೂ ಅಷ್ಟು ಹಳೆಯವು ಉಳಿದಿಲ್ಲ. ಊರಿನ ಹೆಸರು ಸಿಗುವ ತನಕ ಮಾತ್ರ ಯಾವ ವಾಕರ್‌ನನ್ನೂ ನಿಮ್ಮ ಮುತ್ತಜ್ಜ ಅಂತ ಬರೆದುಕೊಳ್ಳಬೇಡಿ.