‘ನನಗೆ ಜೋಕ್ ಮಾಡೋಕೇ ಬರಲ್ಲ, ಇಂಪ್ರಾವ್ ಕಲೀಬಹುದಾ?’

ನಾನು ಕಲಿಸುವ ಇಂಪ್ರಾವ್ ಅಂದರೆ ಬರೆದಿಟ್ಟ ಸಂಭಾಷಣೆ ಇಲ್ಲದೆ ಅಲ್ಲಲ್ಲೇ ಮಾತು ಕಟ್ಟಿ ಆಡುವ ನಾಟಕ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ, ಲೆಕ್ಕ ತಪ್ಪಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಕಲೀಬಹುದು. ನಿಜ ಹೇಳಬೇಕೆಂದರೆ, ಜೋಕ್ ಬರದವರು ಬಂದರೆ ನನಗೆ ಕೆಲಸ ಕಡಿಮೆ. ಗೆಳೆಯರ ಗುಂಪಿನಲ್ಲಿ ಎಲ್ಲರನ್ನೂ ನಗಿಸುವವರು, ಆಫೀಸಿನ ಆಸ್ಥಾನ ವಿದೂಷಕರು ಬಂದರೆ ಮೊದಲ ಒಂದು ತಿಂಗಳು ಅವರ ಚಾಳಿ ಬಿಡಿಸೋದರಲ್ಲೇ ಹೋಗುತ್ತದೆ.

ತರಗತಿಯಲ್ಲಿ ಒಂದು ಆಟ ಆಡಿಸುತ್ತೇನೆ. ಸುತ್ತ ಕೂತವರು ಒಬ್ಬೊಬ್ಬರು ಒಂದೊಂದೇ ಪದ ಹೇಳುತ್ತಾ ಕತೆ ಕಟ್ಟಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ, ನಮ್ಮಲ್ಲಿ ಅದು ಕಟ್ಟಕಡೆಗೆ. ಹಾಗಾಗಿ ವಾಕ್ಯದ ಜುಟ್ಟು ಕೊನೆಯವರ ಕೈಯಲ್ಲಿ. ಮೊನ್ನೆ ಹೀಗಾಯ್ತು. ‘ಅಜ್ಜಿ’, ‘ಹಲಸಿನಹಣ್ಣು’, ‘ಬಿಡಿಸೋಕೆ’... ಅಷ್ಟರಲ್ಲಿ ನಮ್ಮ ಜೋಕುಗಾರ ‘ಹೆಲಿಕಾಪ್ಟರ್’ ಅಂದ. ಎರಡು ಸೆಕೆಂಡು ನಗು. ಪಾಪ, ಪಕ್ಕದವರು ಆ ಹೆಲಿಕಾಪ್ಟರ್ ಇಟ್ಟುಕೊಂಡು ಏನು ಮಾಡಬೇಕು? ಕತೆ ಅಲ್ಲೇ ಮಲಗಿತು.

ಮತ್ತೆ ಮೊದಲಿಂದ ಶುರು. ಈ ಸಲ ಅಜ್ಜಿ ಹಲಸಿನಹಣ್ಣು ಬಿಡಿಸೋಕೆ ಕೂತಳು. ‘ಕೈಗೆ’, ‘ಎಣ್ಣೆ’, ‘ಹಚ್ಚೋಕೆ’... ಮುಂದಿನ ಸರದಿ ಮೂರು ವಾರದಿಂದ ಸರಿಯಾಗಿ ಬಾಯಿಬಿಡದ ಒಬ್ಬ ಮೇಡಂ ಅವರದು. ಮೆಲ್ಲಗೆ ‘ಮರೆತಳು’ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ‘ಮರೆತಳು’ ಅನ್ನೋದು ಜೋಕಾ? ಅಲ್ಲ. ಮೇಣ ಮೆತ್ತಿಕೊಂಡ ಬೆರಳು ಹೇಗಿರುತ್ತೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಅಸಲಿಗೆ ಇಂಪ್ರಾವ್ ಹುಟ್ಟಿದ್ದೇ ಜೋಕಿಗಾಗಿ ಅಲ್ಲ. ವಯೋಲಾ ಸ್ಪೋಲಿನ್ ಎಂಬಾಕೆ 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳ ಜೊತೆ ನಾಟಕದ ಕೆಲಸ ಮಾಡುತ್ತಿದ್ದರು. ಪಾಠ ಹೇಳುವ ಬದಲು ಆಟಗಳನ್ನು ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಇನ್ನಿಬ್ಬರ ಜೊತೆ 1959ರಲ್ಲಿ ಅದೇ ಊರಲ್ಲಿ ‘ಸೆಕೆಂಡ್ ಸಿಟಿ’ ಎಂಬ ಹಾಸ್ಯನಾಟಕದ ತಂಡ ಶುರು ಮಾಡಿದಾಗ ಆ ಆಟಗಳೇ ಬಂಡವಾಳ. ಲಂಡನ್ನಿನಲ್ಲಿ ಇಂಪ್ರಾವ್ ಕಲಿಸಲು ಶುರು ಮಾಡಿ ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋದ ಕೀತ್ ಜಾನ್‌ಸ್ಟನ್ ಕೂಡ ಶಿಷ್ಯರಿಗೆ ಹೇಳುತ್ತಿದ್ದದ್ದು ಇದನ್ನೇ: ಜಾಣತನ ತೋರಿಸೋಕೆ ಹೋಗಬೇಡಿ, ಮೊದಲು ಹೊಳೆದದ್ದನ್ನು ಹೇಳಿ. ನಿಮಗೆ ಸಪ್ಪೆ ಅನ್ನಿಸಿದ್ದು ಪಕ್ಕದವರಿಗೆ ಹೊಸದಾಗಿರುತ್ತದೆ. ಇಷ್ಟು ಹೇಳಿದ ಮೇಲೂ ‘ಆದ್ರೂ ಸರ್, ಸ್ವಲ್ಪ ಹಾಸ್ಯಪ್ರಜ್ಞೆ ಬೇಕಲ್ವಾ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡ. ಕಿವಿ ಬೇಕು.

ಮನೆಯಲ್ಲಿ ಇದರಿಂದ ಏನು ಉಪಯೋಗ? ಊರಿಗೆ ಫೋನ್ ಮಾಡಿದಾಗ ಅಮ್ಮ ‘ಇಲ್ಲಿ ಒಂದೇ ಸಮ ಮಳೆ’ ಅನ್ನುತ್ತಾರೆ. ನಾವು ‘ಹೌದಾ... ಮತ್ತೇ?’ ಅನ್ನುತ್ತೇವೆ. ಈ ‘ಮತ್ತೇ’ ಇದೆಯಲ್ಲ, ಅವರು ಕೊಟ್ಟದ್ದನ್ನು ಪಕ್ಕಕ್ಕಿಟ್ಟು ಇನ್ನೊಂದು ಕೊಡಿ ಅಂತ ಕೈಚಾಚಿದ ಹಾಗೆ. ‘ಎಸ್, ಆಂಡ್’ ಅಂತ ಎಲ್ಲರೂ ಉರು ಹೊಡೆಯುವ ಪಾಠ ಇಷ್ಟೇ: ಕೊಟ್ಟದ್ದನ್ನು ತಗೊಳ್ಳಿ, ಅದಕ್ಕೇ ಒಂದು ಸೇರಿಸಿ. ‘ಅಯ್ಯೋ, ಹಾಗಾದ್ರೆ ಹಪ್ಪಳ ಒಣಗ್ಲೇ ಇಲ್ವಾ?’ ಅಂದು ನೋಡಿದೆ. ನನ್ನಮ್ಮ ಇಪ್ಪತ್ತು ನಿಮಿಷ ಮಾತಾಡಿದರು. ನಡುವೆ ಮಂಡಿನೋವಿನ ವಿಷಯವೂ ಬಂತು, ಅಲ್ಲಿವರೆಗೆ ಹೇಳಿಯೇ ಇರಲಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಇದೆ. ಯಕ್ಷಗಾನದ ತಾಳಮದ್ದಳೆಯೂ ಇಂಪ್ರಾವ್ ತಾನೇ? ವೇಷ ಇಲ್ಲ, ಬರೆದಿಟ್ಟ ಸಂಭಾಷಣೆ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದರ ಎಳೆ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಆದರೆ ಅಲ್ಲಿ ಒಪ್ಪಿಕೊಳ್ಳೋದು ಎಲ್ಲಿದೆ, ಬರೀ ವಾದವೇ ಅಲ್ವಾ ಅಂತ ನನಗೂ ಅನ್ನಿಸಿತ್ತು. ವಾಲಿಯನ್ನು ನೋಡಿ. ಮರೆಯಲ್ಲಿ ನಿಂತು ಹೊಡೆದೆಯಲ್ಲ ಅಂತ ರಾಮನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಈಗಲೂ ಅದರ ಮಾತೆತ್ತುತ್ತಾರೆ. ಆದರೆ ಎಷ್ಟೇ ದೊಡ್ಡ ಅರ್ಥಧಾರಿಯಾದರೂ ‘ಬಾಣ ನನಗೆ ತಾಗಲೇ ಇಲ್ಲ’ ಅನ್ನುವಂತಿಲ್ಲ. ಎದೆಯಲ್ಲಿ ಬಾಣ ಇಟ್ಟುಕೊಂಡೇ ವಾದಿಸಬೇಕು.

ಹೆಲಿಕಾಪ್ಟರ್ ಹುಡುಗನನ್ನು ಈ ಸಲ ಒಂದು ತಾಳಮದ್ದಳೆ ಕೂಟಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ.