ಬೀಗ ಫೋನಿಗೆ, ಕಾರ್ಡಿಗಲ್ಲ

ಪ್ರಶ್ನೆ: ನನ್ನ ಫೋನಿಗೆ ಬೆರಳಚ್ಚಿನ ಲಾಕ್ ಇದೆ. ಒಳಗಿನ ಮೆಮೊರಿ ಕಾರ್ಡನ್ನೂ ಎನ್‌ಕ್ರಿಪ್ಟ್ (ಕೀಲಿ ಇಲ್ಲದವರಿಗೆ ಓದಲಾಗದ ಹಾಗೆ) ಮಾಡಬೇಕಾ?

ಉತ್ತರ: ಮಾಡಬೇಕು, ಅಥವಾ ಗುಟ್ಟಿನದ್ದನ್ನು ಕಾರ್ಡಿನಲ್ಲಿ ಇಡಬಾರದು. ಕುಂಬಳೆಯಲ್ಲಿ ಬಸ್ಸಿಗೆ ಕಾಯುವಾಗಲೂ ಇದನ್ನೇ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ಒಣಗಿತು. ಇರಲಿ, ಇನ್ನೊಮ್ಮೆ.

ಲಾಕ್ ಇರುವುದು ಫೋನಿಗೆ. ಕಾರ್ಡಿಗೆ ಅಲ್ಲವೇ ಅಲ್ಲ.

ನನ್ನ ಭಾವನೂ ಇದನ್ನು ನಂಬಲಿಲ್ಲ. "ಸುಮ್ನೆ ಹೆದರಿಸಬೇಡ ಮಾರಾಯ, ನನ್ನದು ಹೊಸ ಫೋನ್" ಎಂದ. ಸರಿ, ಫೋನ್ ಆಫ್ ಮಾಡಿಸಿದೆ. ಪಿನ್ ಚುಚ್ಚಿ ಟ್ರೇ ಎಳೆದೆ. ಉಗುರಿನಷ್ಟು ದೊಡ್ಡ ಕಾರ್ಡನ್ನು ತೆಗೆದು, ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆ ಕೀಪ್ಯಾಡ್ ಫೋನಿಗೆ ಹಾಕಿದೆ. ಅದು ಬೆರಳನ್ನೂ ಕೇಳಲಿಲ್ಲ, ಪಿನ್ನನ್ನೂ ಕೇಳಲಿಲ್ಲ. ಮಗಳ ನಿಶ್ಚಿತಾರ್ಥದ ಫೋಟೊ, ಪಾಸ್‌ಪೋರ್ಟಿನ ಪುಟ, ಜಾಗದ ತೀರ್ವೆ ರಶೀದಿ, ಅತ್ತೆಯ ಮಂಗಳೂರು ಆಸ್ಪತ್ರೆಯ ರಿಪೋರ್ಟ್ ಎಲ್ಲವೂ ಆ ಸಣ್ಣ ಪರದೆಯಲ್ಲಿ ಒಂದೊಂದಾಗಿ ಬಂದವು. ಭಾವ ಚಾ ಕುಡಿಯುವುದನ್ನೇ ಮರೆತ.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಅರ್ಧ ಸತ್ಯದಿಂದ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳ ಸ್ವಂತ ಮೆಮೊರಿ ಎನ್‌ಕ್ರಿಪ್ಟ್ ಆಗಿರಲೇಬೇಕು. ಅಂದರೆ ಅಲ್ಲಿರುವುದೆಲ್ಲ ಕಲಸಿ ಬರೆದ ಅಕ್ಷರ, ಕೀಲಿ ಇಲ್ಲದವರಿಗೆ ಅರ್ಥವಾಗುವುದಿಲ್ಲ. ಜನ ಇದನ್ನು ಕೇಳಿ ಕಾರ್ಡಿಗೂ ಅದೇ ಲೆಕ್ಕ ಹಾಕಿಬಿಟ್ಟರು. ಕಾರ್ಡಿನದ್ದು ಬೇರೆಯೇ ಕಥೆ. ಅದನ್ನು ಕ್ಯಾಮೆರಾ, ಟಿವಿ, ಕಂಪ್ಯೂಟರ್ ಎಲ್ಲವೂ ಓದಬೇಕು, ಅದಕ್ಕೇ ಸಾಮಾನ್ಯವಾಗಿ ಫ್ಯಾಟ್32 ಇಲ್ಲವೇ ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಇಡುತ್ತಾರೆ. ಆ ಪದ್ಧತಿಗೆ ಬೀಗ ಅನ್ನುವುದೇ ಗೊತ್ತಿಲ್ಲ.

"ನಾನು ಫೋಲ್ಡರ್ ಹೈಡ್ ಮಾಡಿದ್ದೇನೆ" ಅನ್ನುವವರೂ ಇದ್ದಾರೆ. ಫೋಲ್ಡರಿನ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರೆ ಗ್ಯಾಲರಿಯಲ್ಲಿ ಕಾಣುವುದಿಲ್ಲ, ಅಷ್ಟೇ. ವಿಂಡೋಸ್ ಕಂಪ್ಯೂಟರಿನಲ್ಲಿ ಚುಕ್ಕಿ ಸಮೇತ ಕಾಣುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಇನ್ನು ಮಾಡುವುದು ಹೇಗೆ? ಕಾರ್ಡ್ ಹಾಕಲು ಜಾಗ ಇರುವ ಸ್ಯಾಮ್‌ಸಂಗ್ ಫೋನುಗಳಲ್ಲಿ ಹೆಚ್ಚಾಗಿ ಸೆಟ್ಟಿಂಗ್ಸ್‌ನಲ್ಲಿ 'ಎನ್‌ಕ್ರಿಪ್ಟ್' ಎಂದು ಹುಡುಕಿದರೆ ಎಸ್‌ಡಿ ಕಾರ್ಡಿನ, ಅಂದರೆ ಈ ಮೆಮೊರಿ ಕಾರ್ಡಿನ, ಆಯ್ಕೆ ಸಿಗುತ್ತದೆ. ಮೊದಲು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಡಿ. ಚಾರ್ಜ್ ಜಾಸ್ತಿ ಇರಲಿ. ಕೀಲಿ ಆ ಫೋನಿನೊಳಗೇ ಇರುತ್ತದೆ ಎನ್ನುವುದನ್ನು ಮರೆಯಬೇಡಿ. ಫೋನ್ ರೀಸೆಟ್ ಮಾಡುವ ಮೊದಲು ಕಾರ್ಡನ್ನು ಡಿಕ್ರಿಪ್ಟ್ ಮಾಡದಿದ್ದರೆ, ಅಂದರೆ ಮೊದಲಿನ ಹಾಗೆ ಬಿಡಿಸಿಡದಿದ್ದರೆ, ನಿಮ್ಮ ಫೋಟೊ ನಿಮಗೇ ಸಿಗುವುದಿಲ್ಲ. ಫೋನ್ ನೀರಿಗೆ ಬಿದ್ದು ಸತ್ತರೂ ಅದೇ ಗತಿ.

ಇನ್ನೊಂದು ಫಜೀತಿ: ಆ ಕಾರ್ಡ್ ಕಾರಿನ ಸ್ಟೀರಿಯೊದಲ್ಲಿ ಓಡುವುದಿಲ್ಲ. ಬದಿಯಡ್ಕದಿಂದ ಮಂಗಳೂರಿಗೆ ಹೋಗುವಾಗ ತಾಳಮದ್ದಳೆ ಕೇಳುವ ಅಭ್ಯಾಸ ನಿಮಗಿದ್ದರೆ ದಾರಿಯುದ್ದಕ್ಕೂ ಮೌನವೇ. ಅದಕ್ಕೇ ನಾನು ಕಾರ್ಡನ್ನು ಎನ್‌ಕ್ರಿಪ್ಟ್ ಮಾಡಿಲ್ಲ. ತಾಳಮದ್ದಳೆ, ಯಕ್ಷಗಾನ ಆಟದ ವಿಡಿಯೊ ಎಲ್ಲ ಕಾರ್ಡಿನಲ್ಲಿ, ಯಾರು ಬೇಕಾದರೂ ಕೇಳಲಿ. ಕಾಗದಪತ್ರ ಮಾತ್ರ ಫೋನಿನ ಸ್ವಂತ ಮೆಮೊರಿಯಲ್ಲಿ.

ಯಾರೂ ಕೇಳದ ಒಂದು ಮಾತು ಇದೆ. ಹಾಗೆ ಕಾಗದಪತ್ರವನ್ನು ಒಳಗೆ ಸಾಗಿಸಿ ಕಾರ್ಡಿನದ್ದನ್ನು ಡಿಲೀಟ್ ಮಾಡುತ್ತೀರಿ, ಅಲ್ವಾ? ಅದು ಹೋಗುವುದಿಲ್ಲ. ಪಟ್ಟಿಯಲ್ಲಿ ಹೆಸರಿಗೆ ಗೀಟು ಬೀಳುತ್ತದೆ, ಸರಕು ಹಾಗೇ ಉಳಿದಿರುತ್ತದೆ. ಅದರ ಮೇಲೆ ಬೇರೇನೂ ಬರೆಯದಿದ್ದರೆ ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲೇ ಹಿಂದಕ್ಕೆ ತರಬಹುದು. ಕಾರ್ಡನ್ನು ಇನ್ನೊಬ್ಬರಿಗೆ ಕೊಡುವುದಾದರೆ ವಿಂಡೋಸ್ ಕಂಪ್ಯೂಟರಿನಲ್ಲಿ 'ಕ್ವಿಕ್ ಫಾರ್ಮ್ಯಾಟ್' ಎಂಬಲ್ಲಿನ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಕೆಟ್ಟುಹೋದ ಕಾರ್ಡಿಗೆ ಅದೂ ಆಗುವುದಿಲ್ಲ. ಕಳೆದ ವಾರ ನಾನು ಅಂಥದ್ದೊಂದನ್ನು ಅಡಕತ್ತರಿಯಲ್ಲಿ ಇಟ್ಟು ಎರಡು ತುಂಡು ಮಾಡಿದೆ. ಅಲಗು ಮೊಂಡಾಯಿತೆಂದು ಅಮ್ಮ ಇನ್ನೂ ಬೈಯುತ್ತಿದ್ದಾರೆ.