46 ವರ್ಷ ಕದಲದ 500 ರೂಪಾಯಿ

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ಮಕ್ಕಳ ಜೀವನಾಂಶ ಕೇಳಿ ಇಲ್ಲಿಗೆ ಬರುವವರ ಫೈಲ್‌ನಲ್ಲಿ ಸ್ಕೂಲ್ ಫೀಸಿನ ರಸೀದಿ, ವ್ಯಾನ್ ಬಾಡಿಗೆ, ಡಾಕ್ಟರ್ ಚೀಟಿ ಎಲ್ಲಾ ಇರುತ್ತವೆ. 2001ಕ್ಕೆ ಮುಂಚೆ ಇಷ್ಟೆಲ್ಲ ಜೋಡಿಸಿಕೊಂಡು ಬಂದರೂ, ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ (ದಂಡ ಪ್ರಕ್ರಿಯಾ ಸಂಹಿತೆಯ) ಸೆಕ್ಷನ್ 125ರ ಕೆಳಗೆ ಒಂದು ಮಗುವಿಗೆ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಸಿಗುತ್ತಿರಲಿಲ್ಲ.

ಇದರ ಬೇರು ಬ್ರಿಟಿಷರ ಕಾಲದ್ದು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 488ರಲ್ಲಿ, ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಂದ ಮ್ಯಾಜಿಸ್ಟ್ರೇಟ್ ದುಡ್ಡು ಕೊಡಿಸಬಹುದಿತ್ತು. ಮಿತಿ 50 ರೂಪಾಯಿ. ಮಗುವಿನ ಓದು, ಆರೈಕೆ ಯಾರ ತಲೆಯಲ್ಲೂ ಇರಲಿಲ್ಲ. ಇವರೆಲ್ಲ ಬೀದಿಗೆ ಬೀಳಬಾರದು, ಅಷ್ಟೇ. ಆಮೇಲೆ ಮಿತಿ 100 ಆಯಿತು. 1955ರಲ್ಲಿ 500 ಆಗಿ ಅಲ್ಲೇ ನಿಂತಿತು. 1973ರ ಹೊಸ ಸಂಹಿತೆಯಲ್ಲಿ 488 ಹೋಗಿ 125 ಬಂತು, 500 ಮಾತ್ರ ಹಾಗೇ ಉಳಿಯಿತು. ಅದೂ ಮನೆಮಂದಿಗೆಲ್ಲ ಸೇರಿಸಿಯೋ, ತಲೆಗೊಂದರಂತೆಯೋ ಎಂಬ ಜಗಳ ಬೇರೆ! ತಲೆಗೆ 500 ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

2001ರ ತಿದ್ದುಪಡಿ ಮಿತಿಯನ್ನೇ ತೆಗೆದುಹಾಕಿತು. ನೋಟಿಸ್ ತಲುಪಿದ 60 ದಿನದೊಳಗೆ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವವರೆಗಿನ ಜೀವನಾಂಶ, ತೀರ್ಮಾನಿಸಬೇಕು ಎಂದೂ ಸೇರಿಸಿತು. 'ಆದಷ್ಟು ಮಟ್ಟಿಗೆ' ಎಂಬ ಮಾತು ಜೊತೆಗಿದೆ. ಕೋರ್ಟಿಗೆ ಅಲೆದವರಿಗೆ ಅದರ ಅರ್ಥ ಗೊತ್ತು. 2024ರ ಜುಲೈ 1ರಿಂದ ಈ ಸೆಕ್ಷನ್, ಹಳೇ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ.

ಹೊಣೆ ಬರೀ ಅಪ್ಪನದು ಅಂತ ನಮ್ಮಲ್ಲಿ ಸುಮಾರು ಜನ ಅಂದುಕೊಂಡಿದ್ದಾರೆ. ಹಿಂದೂಗಳಿಗೆ ಅನ್ವಯಿಸುವ 1956ರ ದತ್ತು ಮತ್ತು ಜೀವನಾಂಶ ಕಾಯ್ದೆ ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ. ಮದುವೆಯಾಚೆ ಹುಟ್ಟಿದ ಮಗುವಿಗೂ ಇಲ್ಲಿ ಅದೇ ಹಕ್ಕು. ಮುಸ್ಲಿಂ ಮಕ್ಕಳಿಗೂ ಸೆಕ್ಷನ್ 125 ಅನ್ವಯಿಸುತ್ತದೆ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸರಿ, ಎಷ್ಟು ಕೊಡಬೇಕು? ಇದಕ್ಕೆ ನಮ್ಮಲ್ಲಿ ಸಿದ್ಧ ಪಟ್ಟಿ ಇಲ್ಲ. ನ್ಯಾಯಾಧೀಶರೇ ಅಳೆದು ತೂಗಬೇಕು. ಸಂಬಳದವರದ್ದು ಪೇಸ್ಲಿಪ್‌ನಲ್ಲಿ ಸಿಗುತ್ತದೆ. ನಗದು ವ್ಯಾಪಾರದವರು ಕೋರ್ಟಿಗೆ ಬಂದ ಕೂಡಲೇ ಬಡವರಾಗಿಬಿಡುತ್ತಾರೆ, ಅಲ್ವಾ? ಅದಕ್ಕೇ 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲ ತೋರಿಸಿ ಅಫಿಡವಿಟ್ ಕೊಡಲೇಬೇಕು ಎಂದಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಓದಿನ ಖರ್ಚು ಸಾಮಾನ್ಯವಾಗಿ ಅಪ್ಪನದು. ಅಮ್ಮನೂ ಸಾಕಷ್ಟು ದುಡಿಯುತ್ತಿದ್ದರೆ ಇಬ್ಬರಿಗೂ ಪಾಲು. ಕಾಯ್ದೆಗಿಂತ ಈ ಅಫಿಡವಿಟ್ಟೇ ಜಾಸ್ತಿ ಕೆಲಸಕ್ಕೆ ಬಂದಿದೆ ಅಂತ ನನಗನಿಸುತ್ತದೆ.

"ಮಗುವನ್ನ ನೋಡೋಕೆ ಬಿಡ್ತಿಲ್ಲ, ನಾನ್ಯಾಕೆ ದುಡ್ಡು ಕೊಡ್ಲಿ?" ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಭೇಟಿಯ ಹಕ್ಕು ಬೇರೆ, ಜೀವನಾಂಶ ಬೇರೆ. ನೋಡಲು ಬಿಡದಿದ್ದರೆ ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.

ಆದೇಶ ಕೈಗೆ ಬಂದಮೇಲೂ ವಸೂಲಿ ದೊಡ್ಡ ತಲೆನೋವು. ಕೊಡದಿದ್ದರೆ ವಾರಂಟ್, ಬಾಕಿಯಿರುವ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋದರೆ ಸಾಲ ತೀರುವುದಿಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ವಾರಂಟ್ ಬೇಕಾದರೆ, ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ಕಾಯುವವರು ಹೆಚ್ಚಾಗಿ ಎಡವುವುದು ಇಲ್ಲೇ.